ಉಪವಾಸ ಬ್ಯಾಂಡು

ಚಿಕ್ಕೋಡಿ
೬ ಜೂನ್ ೨೦೨೫

ಪ್ರೀತಿಯ ಶೇವಂತಾ,

ನೀನು ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ನಾಲ್ಕು ತಿಂಗಳಾಯಿತು. ಫೋನಿಗೂ ಅದೇ ಗತಿ. ಅತ್ತ ರಿಂಗ್ ಆಗುವ ಮೊದಲೇ ಯಾರೋ ಒಬ್ಬ ಹೆಂಗಸು ಮೂರು ಭಾಷೆಗಳಲ್ಲಿ ನನ್ನನ್ನು ಹೊಸ್ತಿಲಿಂದ ಆಚೆ ಹಾಕುತ್ತಾಳೆ. ಆದರೆ ರಾಯಬಾಗದ ಪೋಸ್ಟಮನ್‌ನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದ್ದರಿಂದ ಈ ಪತ್ರ.

ನಿನಗೆ ಕೋಪ ಯಾಕೆ ಬಂತೆಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ನಿನ್ನ ಮಗ ಸುರಜನ ಮದುವೆಯಲ್ಲಿ ನಿನ್ನ ಬೀಗರ ಮೀಸೆಯ ಬಗ್ಗೆ ಒಂದು ಮಾತು ಆಡಿದ್ದು ನಿಜ. ಆದರೆ ಆ ಮೀಸೆ ತಾನಾಗಿಯೇ ಮೇಲೆಬಿದ್ದು ಮಾತಾಡಿಸುತ್ತಿತ್ತು. ಮೈಕಿನಲ್ಲಿ ಬಹಳ ಹೊತ್ತು ಮಾತಾಡಿದ್ದೂ ನಿಜ. ಜೀವಮಾನವೆಲ್ಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳ ಕೈಗೆ ಮೈಕು ಕೊಟ್ಟರೆ ಅದು ಬೇಗ ತಿರುಗಿ ಬರುವುದಿಲ್ಲ ಎಂಬುದು, ಚಿಕ್ಕೋಡಿಯ ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ನಿನಗೆ ಗೊತ್ತಿರಬೇಕಿತ್ತು. ತಪ್ಪು ಮೈಕು ಕೊಟ್ಟವರದ್ದು.

ಇರಲಿ, ಕೋಪವನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೇ ಓದು. ನನಗೊಬ್ಬರು ಕಂಡಕ್ಟರ್ ಸಿಕ್ಕಿದ್ದಾರೆ! ಟಿಕೀಟು ಹರಿಯುವ ಬಸ್ ಕಂಡಕ್ಟರ್ ಅಲ್ಲ, ವಾದ್ಯಗಳ ಗುಂಪನ್ನು ಕೈಸನ್ನೆಯಲ್ಲಿ ನಡೆಸುವ ಕಂಡಕ್ಟರ್.

ನಿಪ್ಪಾಣಿಯ ನಮ್ಮ ಹಳೆಯ ಮನೆಯ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸುತ್ತಿದ್ದೇವೆ. ತಂಬಾಕಿನ ವ್ಯಾಪಾರ ನಿಂತು ಎಷ್ಟೋ ಕಾಲವಾದರೂ ಅಟ್ಟದಲ್ಲಿ ಅದರ ಘಾಟು ಇನ್ನೂ ಬಾಡಿಗೆ ಕೊಡದೆ ವಾಸವಾಗಿದೆ. ಏನು ತೆಗೆದರೂ ಮೊದಲು ಸೀನಬೇಕು. ಹಾಗೆ ಸೀನುತ್ತ ಸೀನುತ್ತ ಅಪ್ಪನ ಹಾಸಿಗೆಯ ಸುರುಳಿಗಳ ಹಿಂದೆ ಕೈ ಹಾಕಿದರೆ ಒಂದು ಬಿಸ್ಕಿಟ್ ಡಬ್ಬಿ, ಅದರೊಳಗೆ ಇನ್ನೊಂದು ಸುರುಳಿ. ಸುರುಳಿ ಹೋಳಿಗೆಯಲ್ಲ, ಸುರುಳಿ ಟೇಪು. ಅಪ್ಪ ತೀರಿಹೋಗಿ ಮೂರು ವರ್ಷ. ಬದುಕಿದ್ದಾಗ ಇಂಥದ್ದೊಂದು ಇದೆ ಎಂದು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

ಅಥಣಿಯಲ್ಲಿ ಜ್ಞಾನದೇವ ಎಂಬುವರಿದ್ದಾರೆ. ಹಿಂದೆ ನಾಟಕಗಳಿಗೆ ಲೌಡ್‌ಸ್ಪೀಕರ್ ಕಟ್ಟುತ್ತಿದ್ದರು. ಅವರ ಮನೆಯಲ್ಲಿ ಇಂಥ ಟೇಪು ಓಡಿಸುವ ಯಂತ್ರವಿದೆ ಎಂದು ತಿಳಿದು ಹೊತ್ತುಕೊಂಡು ಹೋದೆ. ಅವರು ಯಂತ್ರದ ಮುಚ್ಚಳ ತೆಗೆದು, ಎಮ್ಮೆಗೆ ಹಾಲು ಕರೆಯುವ ಮೊದಲು ಬೆನ್ನು ಸವರುವಂತೆ ಸವರಿ, "ಹೆದರಬ್ಯಾಡ, ಒಂದ ಸುರುಳಿ ಅಷ್ಟ" ಎಂದರು. ಹೇಳಿದ್ದು ನನಗಲ್ಲ, ಯಂತ್ರಕ್ಕೆ.

ಮೊದಲು ಬಂದದ್ದು ನಮ್ಮ ಜಿನ್ನಪ್ಪ ಅಜ್ಜನ ದನಿ. ಅವರು ನನ್ನಪ್ಪನಿಗೆ ಕಾಕಾ ಆಗಬೇಕು. ಮುಂಬಯಿಯಿಂದ ಹೊಸ ಟೇಪ್‌ರೆಕಾರ್ಡರ್ ತಂದು ಊರೆಲ್ಲ ಮೆರೆದವರು. ರೇಡಿಯೋದವರ ಠೀವಿಯಲ್ಲಿ "ಧನ್ಯಕುಮಾರನ ವರಾತ, ನಿಪ್ಪಾಣಿ" ಎಂದು ಘೋಷಿಸಿ ಕೆಮ್ಮಿದರು. ಧನ್ಯಕುಮಾರ ಅಂದರೆ ನನ್ನಪ್ಪ, ಮರಾಠಿಯ ವರಾತ ಅಂದರೆ ವರನ ಮೆರವಣಿಗೆ. ಹಾಗಾದರೆ ಇದು ಅಪ್ಪ ಅಮ್ಮನ ಮದುವೆ, ೧೯೬೨ನೇ ಇಸವಿ. ಈಗ ಸಿನಿಮಾ ಹಾಡೋ ಮಿಲಿಟರಿ ಮಾರ್ಚೋ ಬರುತ್ತದೆ ಎಂದು ನಾನು ಕಾಲು ಕುಣಿಸಲು ಸಿದ್ಧಳಾದೆ.

ಶೇವಂತಾ, ಬಂದದ್ದು ಮುಲ್ತಾನಿ ರಾಗ! ಮದುವೆಯ ಬ್ಯಾಂಡಿನಲ್ಲಿ! ಹಿತ್ತಾಳೆಯ ದೊಡ್ಡ ಕಹಳೆಗಳು ತಂಬೂರಿಯಂತೆ ಕೆಳಗೆ ಷಡ್ಜ ಹಿಡಿದು ನಿಂತಿವೆ. ಅದರ ಮೇಲೆ ಒಂದು ಕ್ಲಾರಿನೆಟ್ ಅವಸರವೇ ಇಲ್ಲದೆ, ಮಧ್ಯಾಹ್ನದ ನಿದ್ದೆಯಿಂದ ಎದ್ದ ಹಿರಿಯರು ಪಡಸಾಲೆಗೆ ಬಂದು ಕೂರುವ ಹಾಗೆ ಒಂದೊಂದೇ ಸ್ವರಕ್ಕೆ ಬಂದು ಕೂರುತ್ತದೆ. ಉದ್ದ ಜಾರುಕೊಳವೆಯ ಟ್ರಾಂಬೋನ್ ಇದೆಯಲ್ಲ, ಸರ್ಕಸ್ಸಿನಲ್ಲಿ ಜೋಕರ್ ಬಿದ್ದಾಗ ಊದುವುದು, ಅದು ಇಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆಯುತ್ತದೆ. ಹೊತ್ತು ಇಳಿದಂತೆ ಗೊತ್ತೇ ಆಗದ ಹಾಗೆ ಇಡೀ ಬ್ಯಾಂಡು ಪೂರಿಯಾ ಧನಾಶ್ರೀಗೆ ದಾಟುತ್ತದೆ. ಅಷ್ಟೂ ಜನರಿಗೆ ಒಂದೇ ಉಸಿರು. ಅಪ್ಪ ನನ್ನನ್ನು ಹಾರ್ಮೋನಿಯಂ ಕ್ಲಾಸಿಗೆ ಹಾಕಿದ್ದಕ್ಕೆ ನನಗೆ ಬಂದದ್ದು ರಾಗಗಳ ಹೆಸರು ಮಾತ್ರ. ಆದರೂ ಮೈ ಜುಮ್ಮೆಂದಿತು. ಮೊದಲ ಮಗ್ಗುಲು ಮುಗಿಯುವಷ್ಟರಲ್ಲಿ ಯಂತ್ರದ ಬೆಲ್ಟ್ ಹರಿಯಿತು. ಇನ್ನೊಂದು ಮಗ್ಗುಲು ಕೇಳುವುದು ಬಾಕಿ ಇದೆ. ಬೆಲ್ಟ್ ಸಿಗುವವರೆಗೆ ನಾನು ಜ್ಞಾನದೇವರ ಪ್ರಾಣ ಹಿಂಡುತ್ತಿದ್ದೇನೆ.

ಇದರ ತಮಾಷೆ ಕೇಳು. ಇದು ಅದೇ ಉಪವಾಸ ಬ್ಯಾಂಡು! ಸುರಜನ ಮದುವೆಯಲ್ಲಿ ನಾನು ಮೈಕಿನಲ್ಲಿ ಹೇಳಿದ ಕಥೆಯದ್ದು. ನೀನಾಗ ಬೀಗರ ಉಪಚಾರದಲ್ಲಿ ಓಡಾಡುತ್ತಿದ್ದೆ, ಪೂರ್ತಿ ಕೇಳಿರಲಿಕ್ಕಿಲ್ಲ. ನಾವು ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವಷ್ಟೆ. ಅಪ್ಪನ ಮದುವೆಯಲ್ಲಿ ಅಕ್ಷತೆ ಮುಗಿಸಿ, ಬಿಸಿಲಿರುವಾಗಲೇ ಪಂಕ್ತಿ ಕೂರುವುದೆಂದು ಲೆಕ್ಕ. ಆದರೆ ವರಾತದ ಬ್ಯಾಂಡು ನಡುಬೀದಿಯಲ್ಲಿ ನಿಂತದ್ದು ನಿಂತೇಬಿಟ್ಟಿತು. ಬ್ಯಾಂಡು ಹೊರಡದೆ ವರ ಹೊರಡುವಂತಿಲ್ಲ, ವರನಿಲ್ಲದೆ ಅಕ್ಷತೆ ಇಲ್ಲ, ಅಕ್ಷತೆ ಇಲ್ಲದೆ ಎಲೆ ಹಾಕುವಂತಿಲ್ಲ. ಸೂರ್ಯ ಮಾತ್ರ ಯಾರಿಗೂ ಕಾಯಲಿಲ್ಲ. ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಕತ್ತಲು. ಇಡೀ ಬೀಗರ ಪರಿವಾರ, ಬುಂದಿಯ ಬೆಟ್ಟದ ಎದುರಿಗೆ, ಬಾಯಿಗೆ ಬೀಗ ಹಾಕಿಕೊಂಡು ಮಲಗಿತು. ಉಳಿದ ಊರಿನವರು ಮೂರು ದಿನದ ಊಟ ಒಂದೇ ಪಂಕ್ತಿಗೆ ಮುಗಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಕೆಲಸ ತಡವಾದರೂ "ಉಪವಾಸ ಬ್ಯಾಂಡ್ ಬಂತು" ಎನ್ನುವುದು ವಾಡಿಕೆ.

ಆ ಬ್ಯಾಂಡ್ ಮಾಸ್ತರರ ಹೆಸರು ಯಾರಿಗೂ ನೆನಪಿಲ್ಲ. ನಿಪ್ಪಾಣಿಯಲ್ಲಿ ಎಲ್ಲ ಮುದುಕರನ್ನೂ ಕೇಳಿದೆ. "ಯಾವದೋ ಹೊಳಿದಂಡಿ ಊರಿನವ ಇದ್ನವಾ" ಎನ್ನುತ್ತಾರೆ. ನೀನು ಹೊಳೆದಂಡೆಯ ದಿಗ್ಗೇವಾಡಿಯವಳು, ಮೇಲಾಗಿ ರಾಯಬಾಗದ ಆಸ್ಪತ್ರೆಯಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಸೂಜಿ ಚುಚ್ಚಿದ ಸಿಸ್ಟರ್. ವಿಚಾರಿಸುತ್ತೀಯಾ? ಇಷ್ಟು ದೊಡ್ಡ ಕಲಾವಿದರ ಹೆಸರು ಇಷ್ಟು ಸಣ್ಣ ಸೀಮೆಯಲ್ಲಿ ಕಳೆದುಹೋಗಬಾರದು.

ನಿನ್ನಿಂದ ಬ್ಲಾಕ್ ಆದರೂ ಬೆಳ್ಳಗೇ ಇರುವ,
ತ್ರಿಶಲಾ

·

ರಾಯಬಾಗ
೯ ಜುಲೈ ೨೦೨೫

ತ್ರಿಶಲಾ,

ಪತ್ರ ಬಂದ ದಿನವೇ ಓದಿದೆ. ಉತ್ತರಕ್ಕೆ ತಿಂಗಳು ಹಿಡಿಯಿತು.

ಬಸ್ ಕಂಡಕ್ಟರ್ ಅಲ್ಲ ಎಂದು ಬರೆದಿದ್ದೀಯ. ಅದೊಂದು ತಪ್ಪು. ನಮ್ಮ ಹಾಸ್ಟೆಲ್ ದಿನಗಳಲ್ಲಿ ರಾಯಬಾಗ–ಚಿಕ್ಕೋಡಿ–ನಿಪ್ಪಾಣಿ ಬಸ್ಸಿನಲ್ಲಿ ಬರುತ್ತಿದ್ದ ಸತ್ತೆಪ್ಪ ಕಾಕಾ ನಿನಗೆ ನೆನಪಿರಬೇಕು. ಖಾಕಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ನಿನ್ನ ಕಬ್ಬಿಣದ ಟ್ರಂಕನ್ನು ಟಪ್ಪಿನ ಮೇಲೆ ತಾವೇ ಏರಿಸಿ, "ಏನ್ ಬೇ ತಂಗಿ, ಇದರಾಗ ಪುಸ್ತಕಾ ತಂದಿಯೋ ನಿಮ್ಮೂರ ಕಲ್ಲು ತಂದಿಯೋ" ಎಂದು ನಗಿಸುತ್ತಿದ್ದವರು. ನನ್ನಪ್ಪ.

ನೀನು ಹುಡುಕುತ್ತಿರುವ ಮಾಸ್ತರರು ಅವರೇ.

ನಾನು ಹುಟ್ಟುವ ಮೊದಲು ದಿಗ್ಗೇವಾಡಿಯಲ್ಲಿ ಅವರದೊಂದು ಬ್ಯಾಂಡ್ ಇತ್ತು. ನಿಮ್ಮ ಮನೆಯ ಆ ಮದುವೆಯ ನಂತರ ಅವರನ್ನು ಯಾರೂ ಕರೆಯಲಿಲ್ಲ. ಯಾರ ಮನೆಗೆ ಹೋದರೂ, "ಉಪಾಸ ಕೆಡವೂ ಮಾಸ್ತರ ಬಂದ" ಎಂದು ಒಳಗಿನಿಂದ ನಗು ಕೇಳುತ್ತಿತ್ತಂತೆ. ವಾದ್ಯಗಳನ್ನು ಮಾರಿದರು, ಬಸ್ಸಿಗೆ ಸೇರಿದರು. ನನ್ನ ಕಾಲಕ್ಕೆ ಅವರ ಹತ್ತಿರ ಉಳಿದ ವಾದ್ಯವೆಂದರೆ ಬಸ್ಸಿನ ಸೀಟಿ.

ಸುರಜನ ಮದುವೆಯಲ್ಲಿ ನೀನು ಹೇಳಿದ್ದನ್ನು ನಾನು ಪೂರ್ತಿ ಕೇಳಿದೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು. ಎಲ್ಲರೂ ನಕ್ಕರು. ಅವ್ವ ಎದ್ದು ಕೈ ತೊಳೆಯಲು ಹೋದಳು. ಆಗಿನ್ನೂ ಊಟಕ್ಕೆ ಕೂತೇ ಇರಲಿಲ್ಲ.

ನಿನ್ನ ಕಥೆಗೆ ಒಂದು ತಿದ್ದುಪಡಿ ಇದೆ. ನಿಮ್ಮವರು ಉಪವಾಸ ಮಲಗಿದರು, ಊರಿನವರು ಹೊಟ್ಟೆ ಬಿರಿಯ ಉಂಡರು ಎನ್ನುತ್ತೀಯ. ಬ್ಯಾಂಡಿನವರು ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ, ನೀನೂ ಹೇಳುವುದಿಲ್ಲ. ಅವರನ್ನು ಎಲೆಗೆ ಕರೆಯಲಿಲ್ಲ. ವಾದ್ಯ ಹೊತ್ತುಕೊಂಡು ಹಸಿದ ಹೊಟ್ಟೆಯಲ್ಲೇ ಊರಿಗೆ ಬಂದರು.

ನಿನಗಿದು ಗೊತ್ತಿರಲಿಲ್ಲ ಎಂದು ಈಗ ತಿಳಿಯಿತು. ಗೊತ್ತಿದ್ದೇ ಹೇಳಿದೆ ಎಂದುಕೊಂಡಿದ್ದೆ. ಅದು ನನ್ನ ತಪ್ಪು. ನಾನೂ ನಿನಗೆ ಎಂದೂ ಹೇಳಿರಲಿಲ್ಲ.

ಒಂದು ಮಾತು ಕೇಳುತ್ತೇನೆ. ಅಪ್ಪನ ಸಂಗೀತವನ್ನು ನಾನು ಒಮ್ಮೆಯೂ ಕೇಳಿಲ್ಲ. ಮನೆಯಲ್ಲಿ ಗುನುಗಿದ್ದೂ ಇಲ್ಲ. ಅಪ್ಪ ತೀರಿಹೋದ ಮೇಲೂ ಅವ್ವ ಆ ವಿಷಯ ತೆಗೆಯಗೊಡುವುದಿಲ್ಲ. ಆ ಟೇಪಿನಲ್ಲಿ ಅಪ್ಪ ಯಾವುದು? ಕ್ಲಾರಿನೆಟ್ಟೋ, ಬ್ಯಾಂಡುಗಳಲ್ಲಿ ಇರುವ ಸಣ್ಣ ಕಹಳೆ ಕಾರ್ನೆಟ್ಟೋ, ನೀನು ಜೋಕರ್ ವಾದ್ಯ ಎಂದೆಯಲ್ಲ, ಅದೋ? ನನಗೆ ಅದೊಂದು ತಿಳಿಯಬೇಕು. ಮತ್ತೇನೂ ಬೇಡ.

ಶೇವಂತಾ

·

ಚಿಕ್ಕೋಡಿ
೧೩ ಜುಲೈ ೨೦೨೫

ಶೇವಂತಾ,

ನಿನ್ನ ಪತ್ರ ಓದಿ ಎರಡು ದಿನ ಮಾತಾಡದೆ ಇದ್ದೆ. ನನ್ನ ಸೊಸೆ ಕೋಮಲ ಗಾಬರಿಯಾಗಿ ಬಿ.ಪಿ. ನೋಡಿದಳು.

ಆ ಟ್ರಂಕು ನೆನಪಿದೆ. ಆ ನಗುವೂ. ಪ್ರತಿ ಸಲ ಅವರು ನನಗೆ ಡ್ರೈವರನ ಹಿಂದಿನ ಸೀಟು ಹಿಡಿದಿಡುತ್ತಿದ್ದರು. ನಾನು ಯಾರ ಮಗಳು ಎಂದು ಅವರಿಗೆ ಗೊತ್ತಿತ್ತೇ? ಮೊದಲ ದಿನವೇ "ನಿಪ್ಪಾಣ್ಯಾಗ ಯಾರ ಪೈಕಿ?" ಎಂದು ಕೇಳಿದ್ದರು. ನಾನು ಹೇಳಿದ್ದೆ. ಗೊತ್ತಿತ್ತು ಅಂದ ಹಾಗಾಯಿತು.

ನಿನ್ನ ಅವ್ವನಿಗೆ ಏನು ಹೇಳಲಿ? ನನ್ನ ಹತ್ತಿರ ಇರುವುದು ಮಾತು ಮಾತ್ರ, ಕೆಡಿಸಿದ್ದೂ ಅದೇ. ಆದ್ದರಿಂದ ಮಾತಿನ ಬದಲು, ಬೆಲ್ಟ್ ಹರಿಯುವ ಮೊದಲೇ ಜ್ಞಾನದೇವರು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಮೊದಲ ಮಗ್ಗುಲನ್ನು ಪೆನ್‌ಡ್ರೈವಿಗೆ ಹಾಕಿಸಿ ಕಳಿಸುತ್ತಿದ್ದೇನೆ. ಸುರಜನಿಗೆ ಹೇಳಿ ಟಿ.ವಿ.ಗೆ ಸಿಕ್ಕಿಸಿಕೋ.

ಅಪ್ಪ ಯಾವುದು ಎಂದು ಕೇಳಿದ್ದೀಯ. ನನಗೆ ಕಾರ್ನೆಟ್ ಅನಿಸುತ್ತದೆ. ತುಸು ಚೇಷ್ಟೆ ಇರುವ ದನಿ, ಸತ್ತೆಪ್ಪ ಕಾಕಾನ ಹಾಗೆ. ಆದರೆ ಖಾತ್ರಿ ಹೇಳಲಾರೆ. ಯಂತ್ರದ ಬೆಲ್ಟ್ ಮಿರಜಿನಿಂದ ಬರಬೇಕು. ಎರಡನೇ ಮಗ್ಗುಲು ಕೇಳಿದ ಮೇಲೆ ಬರೆಯುತ್ತೇನೆ.

ತ್ರಿಶಲಾ

·

ಅಥಣಿ
೨೦ ಆಗಸ್ಟ್ ೨೦೨೫

ಶೇವಂತಾ, ಶೇವಂತಾ!

ಜ್ಞಾನದೇವರ ಮನೆಯ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಚಿಕ್ಕೋಡಿ ಮುಟ್ಟುವವರೆಗೆ ತಡೆದುಕೊಳ್ಳಲು ಆಗುವುದಿಲ್ಲ. ಬೆಲ್ಟ್ ಬಂತು. ಎರಡನೇ ಮಗ್ಗುಲು ಓಡಿತು. ನಾನು ಅತ್ತು, ನಕ್ಕು, ಜ್ಞಾನದೇವರ ಹೆಂಡತಿ ಕೊಟ್ಟ ಚಹಾ ಸೀರೆಯ ಮೇಲೆ ಚೆಲ್ಲಿಕೊಂಡೆ.

ಈ ಮಗ್ಗುಲಿನಲ್ಲಿ ಬ್ಯಾಂಡಿನ ನಡುನಡುವೆ ಜನರ ಮಾತು ಸಿಕ್ಕಿದೆ. ನಾನು ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ. ಒಂದು ಅಕ್ಷರವನ್ನೂ ಕೂಡಿಸಿಲ್ಲ. ಜ್ಞಾನದೇವರೂ ಸಾಕ್ಷಿ, ಅವರ ಎಮ್ಮೆಯಂಥ ಯಂತ್ರವೂ ಸಾಕ್ಷಿ.

ಮೊದಲು ಒಂದು ಮೃದುವಾದ ಗಂಡಸಿನ ದನಿ: "ಮುಂದ ಹೋಗೂಣೇನ್ರಿ ಸಾವಕಾರ್ರ? ಹೊತ್ತ ಇಳದೈತಿ."

ನನ್ನಪ್ಪ, ಕುದುರೆಯ ಮೇಲಿನಿಂದ: "ಬ್ಯಾಡ್ರಿ ಮಾಸ್ತರ! ಇಲ್ಲೇ ನಿಲ್ರಿ. ಮುಂದ ಹೋದ್ರ ಮಶೀನಿಗೆ ಕೇಳೂದಿಲ್ಲ."

ಜಿನ್ನಪ್ಪ ಅಜ್ಜ, ಮಾಳಿಗೆಯ ಕಿಟಕಿಯಿಂದ: "ವಾಯರ್ ಇಷ್ಟ ಉದ್ದ ಐತ್ರಪಾ, ಕಿಡಕಿ ಬಿಟ್ಟ ಹೊರಗ ಬರೂದಿಲ್ಲ. ಬ್ಯಾಂಡ ಇತ್ತಾಗ ಸರಕೊಂಡ್ ನಿಲ್ರಿ."

ಯಾರೋ ಹಿರಿಯರು, ಬಹುಶಃ ನನ್ನಜ್ಜ, ದೂರದಿಂದ: "ಏ ಧನ್ಯಾ, ಕುದರಿ ಹೊಡೀಯೋ! ಹೊತ್ತ ಮುಣಗಾಕತ್ತೈತಿ!"

ಮತ್ತೆ ಆ ಮೃದು ದನಿ: "ಸಾವಕಾರ್ರ, ನಿಮ್ಮ ಮಂದಿ ಊಟದ ಹೊತ್ತ ಮೀರತೈತ್ರಿ. ನಾವು ಬೇಕಾದ್ರ ನಾಳಿಗೆ ಬಂದ ಬಾರಸ್ತೀವಿ."

ಆಗ ನನ್ನಪ್ಪ ಏನೆಂದ ಗೊತ್ತೇ? "ಮುಣಗಲಿ ಬಿಡ್ರಿ, ಸೂರ್ಯಾ ನಾಳಿಗೆ ಮತ್ತ ಹುಟ್ತಾನ. ಹಿಂಗ ಬಾರಿಸೂದು ನಾಳಿಗೆ ಹುಟ್ಟತೈತೇನ್ರಿ?"

ಕುದುರೆ ಒಮ್ಮೆ ಕೆನೆಯಿತು. ಅದೂ ಹಸಿದಿತ್ತೋ ಏನೋ.

ಅಲ್ಲಿಗೆ ಮುಗಿಯಿತು ನೋಡು. ಬ್ಯಾಂಡನ್ನು ನಡುಬೀದಿಯಲ್ಲಿ ನಿಲ್ಲಿಸಿದ್ದು ನಿನ್ನಪ್ಪನಲ್ಲ. ನಿಲ್ಲಿಸಿದ್ದು ಒಂದು ಗಿಡ್ಡ ವಾಯರು ಮತ್ತು ಒಬ್ಬ ಹುಚ್ಚು ವರ. ವರಾತ ಎಂದರೆ ಮೆರವಣಿಗೆ ಎಂದು ತಿಳಿದಿದ್ದೆ. ನನ್ನಪ್ಪ ವರನಾಗಿ ಹಿಡಿದದ್ದು ಕನ್ನಡದ ವರಾತ, ಬಿಡಿಸಿದರೂ ಬಿಡದಂಥದ್ದು. ನಿನ್ನಪ್ಪ ನಮ್ಮ ಮಂದಿಯ ಊಟದ ಬಗ್ಗೆ ಯೋಚಿಸಿದರು. ನಮ್ಮ ಮಂದಿಯ ಮಗನೇ ಯೋಚಿಸಲಿಲ್ಲ.

ಮಾರನೆಯ ದಿನ ಇಡೀ ಮನೆ ಮಾಸ್ತರರನ್ನು ಬೈಯುವಾಗ ಅಪ್ಪ ಸುಮ್ಮನಿದ್ದ. ರಾತ್ರಿ ಊಟಕ್ಕೆ ಬಾಯಿ ತೆರೆಯಲಿಲ್ಲ, ಬೆಳಿಗ್ಗೆ ಮಾತಿಗೂ ತೆರೆಯಲಿಲ್ಲ. ಅಜ್ಜನೆಂದರೆ ಅವನಿಗೆ ನಡುಕ. ಅಷ್ಟೇ ಎಂದುಕೊಳ್ಳಲು ನೋಡುತ್ತೇನೆ. ನಮ್ಮ ಮನೆಯಲ್ಲಿ ಆ ಕಥೆಗೆ ಎಲ್ಲರೂ ನಗುವಾಗ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಸಾವಿರ ಸಲ ಕೇಳಿದ ಕಥೆ, ಬೇಜಾರಾಗಿದೆ ಎಂದು ನಾವು ತಿಳಿದಿದ್ದೆವು.

ನನ್ನ ಅಪ್ಪನನ್ನು ನಾನು ಬೈಯಬೇಕು. ಆದರೆ ಆ ಟೇಪಿನ ಸಂಗೀತ ಕೇಳಿದರೆ ನಾನೂ ಕುದುರೆ ನಿಲ್ಲಿಸುತ್ತಿದ್ದೆ. ಅದೇ ತೊಂದರೆ. ಪೂರಿಯಾ ಧನಾಶ್ರೀ ಈ ಮಗ್ಗುಲಿನಲ್ಲಿ ಅರಳಿದ್ದು ಹೇಗೆ ಗೊತ್ತೇ? ಸಂಜೆಯ ದನಗಳು ಮನೆಗೆ ಬರುವಾಗ ಧೂಳಿನಲ್ಲಿ ಬಂಗಾರ ಕಾಣುತ್ತದಲ್ಲ, ಹಾಗೆ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಊದುವವರಲ್ಲಿ ಯಾರ ಹೆಸರನ್ನೂ ಯಾರೂ ಕೂಗುವುದಿಲ್ಲ. ಮಾತಾಡಿದ ಆ ಮೃದು ದನಿಯಂತೂ ನಿನ್ನಪ್ಪನದೇ. ವಾದ್ಯ ಯಾವುದೋ ತಿಳಿಯದು.

ಇದನ್ನೂ ಪೆನ್‌ಡ್ರೈವಿನಲ್ಲಿ ಕಳಿಸುತ್ತಿದ್ದೇನೆ. ಅವ್ವನಿಗೆ ಕೇಳಿಸು. ನಮ್ಮ ಮನೆಯಲ್ಲಿ, ಹೋದ ಕೂಡಲೇ, ಎಲ್ಲರನ್ನೂ ಕೂರಿಸಿ ಓದಿ ಹೇಳುವವಳಿದ್ದೇನೆ. ನನ್ನ ದನಿ ಇಂಥದ್ದಕ್ಕೆ ಮೊದಲ ಸಲ ಉಪಯೋಗಕ್ಕೆ ಬರಲಿ.

ಚಹಾದ ಕಲೆಯೊಂದಿಗೆ,
ತ್ರಿಶಲಾ

·

ರಾಯಬಾಗ
೪ ಸೆಪ್ಟೆಂಬರ್ ೨೦೨೫

ತ್ರಿಶಲಾ,

ಎರಡೂ ಬಂದವು. ಸುರಜ ಡ್ಯೂಟಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೇಳಿದೆ.

ಚಲೋ ಇದೆ ಎಂದು ಬರೆದರೆ ಸಾಲದು. ನಿನ್ನ ಹಾಗೆ ನನಗೆ ಬರೆಯಲು ಬರುವುದಿಲ್ಲ. ಹೆರಿಗೆ ವಾರ್ಡಿನಲ್ಲಿ ಕೂಸು ಅಳುವುದಕ್ಕೆ ಎಲ್ಲರೂ ಕಾಯುತ್ತೇವೆ. ಅತ್ತ ಕೂಡಲೇ ಕೋಣೆಯೇ ಹಗುರವಾಗುತ್ತದೆ. ಕ್ಲಾರಿನೆಟ್ ಮೊದಲ ಸಲ ಬಂದಾಗ ನನಗೆ ಹಾಗಾಯಿತು.

"ಹೊತ್ತ ಇಳದೈತಿ" ಎಂದದ್ದು ಅಪ್ಪನೇ. ಬಸ್ಸಿನಲ್ಲಿ "ಮುಂದ ಸರಕೋರಿ" ಎಂದೂ ಅದೇ ದನಿಯಲ್ಲಿ ಹೇಳುತ್ತಿದ್ದರು.

ಆದರೆ ಊದಿದ್ದು ಯಾವುದೆಂದು ನನಗೂ ತಿಳಿಯುತ್ತಿಲ್ಲ. ಒಂದು ಸಲ ಕಾರ್ನೆಟ್ ಎನಿಸುತ್ತದೆ, ಮರುದಿನ ಕ್ಲಾರಿನೆಟ್. ದಿನಕ್ಕೊಂದನ್ನು ಅಪ್ಪ ಎಂದು ತಿಳಿದು ಕೇಳುತ್ತಿದ್ದೇನೆ. ಎಲ್ಲವೂ ಚೆನ್ನಾಗಿವೆ. ಅದೇ ಕಷ್ಟ.

ಅವ್ವನಿಗೆ ಎಲ್ಲ ಹೇಳಿದೆ. ವಾಯರಿನದು, ಕುದುರೆಯದು, ನಿನ್ನಪ್ಪ ಅಂದದ್ದು. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನಗ ಗೊತ್ತಿತ್ತು. ನಿಮ್ಮಪ್ಪ ಅಂದಿದ್ರು, ಅವರ ನಿಲ್ಲಂದ್ರು, ನಾವು ನಿಂತ್ವಿ ಅಂತ. ಯಾರ ನಂಬತಾರ?" ಎಂದಳು. ಟೇಪು ಹಚ್ಚಲೇನು ಎಂದು ಕೇಳಿದರೆ ಬೇಡ ಎಂದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಕೇಳಿದಳು: "ಆ ಮದಿಮಗಳು ಅದಾಳೇನು?"

ಇದ್ದಾರೆ, ತ್ರಿಶಲಾಳ ತಾಯಿ, ಎಂದೆ.

"ಹಂಗಾರ ಆಕೀ ಬರಲಿ. ಇಬ್ಬರೂ ಕೂಡೇ ಕೇಳ್ತೀವಿ. ನಾ ಒಬ್ಬಾಕಿ ಕೇಳಿದ್ರ ನನ್ನ ಗಂಡನ ಬ್ಯಾಂಡ್ ಚಲೋ ಇತ್ತು ಅಂತ ನಾನ ಹೇಳಿಕೊಂಡ್ಹಂಗ ಆಗತೈತಿ."

ನಿನ್ನ ತಾಯಿಗೆ ಈ ವಯಸ್ಸಿನಲ್ಲಿ ಇಷ್ಟು ದೂರ ಆಗುತ್ತದೋ ಇಲ್ಲವೋ. ಕೇಳು ಎಂದೂ ಹೇಳಲಾರೆ, ಬೇಡ ಎಂದೂ ಹೇಳುವುದಿಲ್ಲ.

ಫೋನು ಹಾಗೇ ಇರಲಿ. ಬ್ಲಾಕ್ ತೆಗೆದರೆ ನೀನು ಬೆಳಗಾಗೆದ್ದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತೀಯ. ಪತ್ರದಲ್ಲಿ ನೀನು ಎಷ್ಟೋ ವಾಸಿ.

ಶೇವಂತಾ

·

ಚಿಕ್ಕೋಡಿ
೨೯ ಸೆಪ್ಟೆಂಬರ್ ೨೦೨೫

ಶೇವಂತಾ,

ಅಕ್ಷರ ನೋಡಿ ಹೆದರಬೇಡ. ಚಿಕುನ್‌ಗುನ್ಯಾ ಬಂದಿದೆ. ಚಿಕ್ಕೋಡಿಯವಳಿಗೆ ಅದು ಬರದೆ ಇನ್ನೇನು ಬರುತ್ತದೆ, ಹೆಸರಲ್ಲೇ ನೆಂಟಸ್ತನ. ಪೆನ್ನು ಹಿಡಿದರೆ ಬೆರಳು ಕಿರ್ ಎನ್ನುತ್ತವೆ. ಆದ್ದರಿಂದ ಜೀವನದಲ್ಲಿ ಮೊದಲ ಸಲ ಚುಟುಕಾಗಿ.

ನಮ್ಮ ಅಮ್ಮ ಸುಂದರಾಬಾಯಿಗೆ ನಿನ್ನ ಪತ್ರ ಓದಿ ಹೇಳಿದೆ. ಟೇಪನ್ನು ಕೇಳಿಸಲು ಹೋದರೆ ಕೈ ಅಡ್ಡ ಹಿಡಿದಳು. "ಅಲ್ಲೇ ಹೋಗಿ ಕೇಳ್ತೀನಿ. ಈಗ ಕೇಳಿದ್ರ ಅಲ್ಲಿ ನಾಟಕ ಮಾಡ್ಬೇಕಾಗತೈತಿ" ಎಂದಳು. ಆಮೇಲೆ ಹೇಳಿದ್ದು ಇನ್ನೊಂದು: "ನಾ ಮಂಟಪದಾಗ ಬಾಸಿಂಗಾ ಕಟಗೊಂಡ ಕೂತಿದ್ನಿ. ದೂರದಿಂದ ಕೇಳಾಕತ್ತಿತ್ತು. ಹೊಟ್ಟಿ ಹಸದಿತ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಈ ಬ್ಯಾಂಡ ನಿಂತಗಿಂತೀತು ಅಂತ ಹೆದರಿಕೀನೂ ಇತ್ತು. ಯಾರೂ ನನ್ನ ಕೇಳಲಿಲ್ಲ, ನಾ ಹೇಳಲಿಲ್ಲ."

ನನ್ನ ಗಂಟುಗಳು ಬಿಚ್ಚುವವರೆಗೆ ಕಾಯಿ ಎಂದೆ. "ನೀ ಬಂದ್ರ ನಡುವ ಮಾತಾಡ್ತಿ" ಎಂದು ನನ್ನ ತಮ್ಮನ ಕಾರಿನಲ್ಲಿ ತಾನೇ ಬರುವವಳಿದ್ದಾಳೆ. ಬರುವ ರವಿವಾರ. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಬಟಾಟೆ ತಿನ್ನುವುದಿಲ್ಲ. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಚಹಾ ಒಂದಾದರೆ ಸಾಕು, ಬೇರೇನೂ ತೊಂದರೆ ತೆಗೆದುಕೊಳ್ಳಬೇಡ.

ಏನಾಯಿತೆಂದು ಬರಿ. ಪೂರ್ತಿ ಬರಿ. ಸಿಸ್ಟರ್ ಡಿಸ್ಚಾರ್ಜ್ ಚೀಟಿ ಬರೆದ ಹಾಗೆ ಎರಡು ಸಾಲು ಗೀಚಿದರೆ ನೋಡು.

ನರಳುತ್ತ,
ತ್ರಿಶಲಾ

·

ರಾಯಬಾಗ
೭ ಅಕ್ಟೋಬರ್ ೨೦೨೫

ತ್ರಿಶಲಾ,

ಪೂರ್ತಿ ಬರಿ ಎಂದಿದ್ದೀಯ. ಬರೆಯುತ್ತೇನೆ.

ಮಧ್ಯಾಹ್ನ ಮೂರರ ಸುಮಾರಿಗೆ ಕಾರು ಬಂತು. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕು ತಡವಾಯಿತೆಂದು ನಿನ್ನ ತಮ್ಮ ಹೇಳಿದ. ನಿನ್ನ ತಾಯಿ ಇಳಿಯುವಾಗ ನಾನು ಕೈ ಹಿಡಿಯಲು ಹೋದೆ. ನನ್ನನ್ನು ದಾಟಿ ಬಾಗಿಲಲ್ಲಿ ನಿಂತಿದ್ದ ಅವ್ವನ ಹತ್ತಿರ ಹೋದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅವ್ವ ಕೇಳಿದಳು: "ಬಂದ್ರಿ?"

ನಿನ್ನ ತಾಯಿ ಹೇಳಿದರು: "ಬಂದ್ನಿವಾ. ತಡಾ ಆತು."

ಅಷ್ಟೇ. ಯಾವ ತಡ ಎಂದು ಯಾರೂ ಕೇಳಲಿಲ್ಲ.

ನಾನು ಟಿ.ವಿ.ಗೆ ಪೆನ್‌ಡ್ರೈವ್ ಸಿಕ್ಕಿಸಲು ಹೋದರೆ ಅವ್ವ ಬೈದಳು. "ಅದನ್ನ ಕೆಳಗ ಇಡು. ಮೊದಲ ಊಟಾ, ಆಮ್ಯಾಲ ಬ್ಯಾಂಡು. ಹೊತ್ತ ಮುಣಗೂದ್ರಾಗ ಆಗ್ಬೇಕು." ಬೆಳಗಿನಿಂದ ಒಲೆಯ ಮುಂದಿದ್ದಳು. ನಾನು ಮುಟ್ಟಲು ಬಿಟ್ಟಿರಲಿಲ್ಲ. ಹೋಳಿಗೆ, ಕಟ್ಟಿನ ಸಾರು, ಹೆಸರುಕಾಳಿನ ಪಲ್ಯ, ಉಳ್ಳಾಗಡ್ಡಿ ಬೆಳ್ಳುಳ್ಳಿ ಏನೂ ಇಲ್ಲ. ಹೊಸ ಪಾತ್ರೆಗಳನ್ನೇ ತರಿಸಿದ್ದಳು. ನಿನ್ನ ತಾಯಿ ಅವುಗಳನ್ನು ನೋಡಿ, "ಇವೆಲ್ಲಾ ಯಾಕ, ನೀವು ದಿನಾ ಉಣ್ಣೂ ಗಂಗಾಳದಾಗ ಹಾಕ್ರಿ" ಎಂದರು. ಅವ್ವ ಹೊಸ ಪಾತ್ರೆಗಳನ್ನು ಬದಿಗೆ ಸರಿಸಿದಳು. ಆಮೇಲೆ ಒಳಗೆ ಹೋಗಿ ಹಳೆಯ ಗಂಗಾಳ ತಂದಳು.

ಎರಡು ಹೋಳಿಗೆ ಉಂಡರು. ಮೂರನೆಯದಕ್ಕೆ ಕೈ ಅಡ್ಡ ಹಿಡಿದರು, ಅವ್ವ ಕೈಯ ಸಂದಿಯಲ್ಲೇ ಹಾಕಿದಳು. ಇಬ್ಬರೂ ಕೂತು ಸೊಸೆಯಂದಿರನ್ನು, ಮೊಣಕಾಲನ್ನು, ಎಣ್ಣೆಯ ತುಟ್ಟಿಯನ್ನು ಬೈದರು. ನಿನ್ನನ್ನೂ ಬೈದರು. ಅದರಲ್ಲಿ ಇಬ್ಬರಿಗೂ ಬಹಳ ಬೇಗ ಒಮ್ಮತವಾಯಿತು.

ಬಿಸಿಲು ಕಿಟಕಿಯಿಂದ ಗೋಡೆಗೆ ಏರಿದಾಗ ಅವ್ವ, "ಈಗ ಹಚ್ಚು" ಎಂದಳು.

ಮೊದಲ ಮಗ್ಗುಲು ಮುಗಿಯಿತು. ಎರಡನೆಯದರಲ್ಲಿ ನಿನ್ನಪ್ಪನ ಮಾತು ಬಂತು. "ಸೂರ್ಯಾ ನಾಳಿಗೆ ಮತ್ತ ಹುಟ್ತಾನ." ನಿನ್ನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ. ನಗುತ್ತಿದ್ದರು. "ನೋಡ್ರಿ ಇವನ ಮಾತ! ನನ್ನ ಮುಂದ ಜೀವನದಾಗ ಹಿಂಗೊಂದ ಮಾತಾಡ್ಲಿಲ್ಲ" ಎಂದರು. ಅವ್ವನೂ ನಕ್ಕಳು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಯಾವಾಗ ಕೇಳಿದ್ದೆನೋ.

ಆ ಧೈರ್ಯದಲ್ಲಿ ನಾನು ಕೇಳಿಯೇಬಿಟ್ಟೆ. "ಅವ್ವಾ, ಇದರಾಗ ಅಪ್ಪ ಯಾವುದು? ಕಾರ್ನೆಟ್ಟೇನು?"

ಅವ್ವ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. "ಕಾರ್ನೆಟ್ ನಮ್ಮ ಮಲ್ಲೇಶ ಮಾವಾಂದು. ಕ್ಲಾರಿನೆಟ್ ದುಂಡೇಶಂದು. ನಿಮ್ಮಪ್ಪ ಎಲ್ಲಿ ಊದ್ತಿದ್ರು? ಮಾಸ್ತರ ಊದೂದಿಲ್ಲವಾ, ಊದಸ್ತಾನ. ಕೈಯಾಗ ಒಂದ ಕೋಲಷ್ಟ."

ತ್ರಿಶಲಾ, ನನಗೆ ಏನಾಯಿತೆಂದು ಹೇಗೆ ಬರೆಯಲಿ. ಇಷ್ಟು ದಿನ ದಿನಕ್ಕೊಂದು ವಾದ್ಯವನ್ನು ಅಪ್ಪ ಎಂದು ಕೇಳಿದ್ದೇ ಸುಳ್ಳಾಯಿತು. ಅಷ್ಟು ದೊಡ್ಡ ಸಂಗೀತದಲ್ಲಿ ಅಪ್ಪನದೊಂದು ಸ್ವರವೂ ಇಲ್ಲ. ಎದ್ದು ಒಳಗೆ ಹೋಗುತ್ತಿದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಇನ್ನೊಂದು ಕೈಯ ಬೆರಳು ಮೇಲೆತ್ತಿದಳು.

"ತಡಿ. ಈಗ ಬರ್ತಾರ."

ಬ್ಯಾಂಡು ಏರುತ್ತಿತ್ತು. ಕಾರ್ನೆಟ್ಟು, ದೊಡ್ಡ ಕಹಳೆಗಳು, ತಾಶೆಯ ಬಡಿತ, ಎಲ್ಲ ಒಂದರ ಮೇಲೊಂದು. ಇನ್ನೇನು ಬೀದಿಯೇ ಎದ್ದು ನಿಲ್ಲುತ್ತದೆ ಎನ್ನುವಾಗ ಒಮ್ಮೆಲೇ ಏನೂ ಇಲ್ಲ. ಒಬ್ಬರ ಉಸಿರೂ ಹಿಂದೆ ಉಳಿಯಲಿಲ್ಲ. ಬೀದಿಯ ಜನ, ಕುದುರೆ, ಜಿನ್ನಪ್ಪ ಅಜ್ಜನ ಕೆಮ್ಮು, ಎಲ್ಲ ನಿಂತವು. ಎಲ್ಲೋ ದೂರದಲ್ಲಿ ಒಂದು ಹಕ್ಕಿ. ಆಮೇಲೆ ಕ್ಲಾರಿನೆಟ್ ಒಂಟಿಯಾಗಿ, ಮೆತ್ತಗೆ, ಕೆಳಗಿನ ಷಡ್ಜಕ್ಕೆ ಬಂದು ಕೂತಿತು.

"ಎಲ್ಲಾರೂ ಒಮ್ಮಿಗೇ ಸುಮ್ಮಾದ್ರಲ್ಲ," ಅವ್ವ ಹೇಳಿದಳು, "ಅದ ನಿಮ್ಮಪ್ಪ. ಹೊಳಿದಂಡಿ ಉಸುಕಿನಾಗ ದಿನಾ ಸಂಜಿಕೆ ಇದನ್ನ ಕಲಸ್ತಿದ್ರು. ಊದೂದು ಯಾರರೆ ಕಲಿತಾರ, ಹಿಂಗ ನಿಲ್ಲೂದು ಕಲೀಲಿ ಅಂತಿದ್ರು. ನಾ ರೊಟ್ಟಿ ಕಟಗೊಂಡ ಹೋಗಾಕಿ, ನೀ ಆವಾಗ ಹೊಟ್ಟ್ಯಾಗ."

ನಿನ್ನ ತಾಯಿ ಮೆಲ್ಲಗೆ, "ಹೊಳ್ಳಿ ಹಚ್ಚವಾ ತಂಗಿ, ಇನ್ನೊಮ್ಮೆ ಕೇಳೂಣು" ಎಂದರು.

ಹಿಂದೆ ಒಯ್ದು ಮತ್ತೆ ಹಚ್ಚಿದೆ. ಮತ್ತೆ ಹಚ್ಚಿದೆ. ರಿಮೋಟು ನನ್ನ ಕೈಯಿಂದ ಅವ್ವನ ಕೈಗೆ ಹೋಯಿತು, ಅವಳಿಗೆ ಬಾರದೆ ನಿನ್ನ ತಾಯಿಯ ಕೈಗೆ, ಅವರಿಗೂ ಬಾರದೆ ಸುದ್ದಿ ಚಾನೆಲ್ಲು ಹತ್ತಿ, ಮೂವರೂ ಕಿರುಚಿ, ಮತ್ತೆ ನನ್ನ ಕೈಗೆ. ಪ್ರತಿ ಸಲವೂ ಆ ಜಾಗ ಬರುವ ಒಂದು ಕ್ಷಣ ಮೊದಲೇ ಅವ್ವನ ಮುಖ ಅರಳುತ್ತಿತ್ತು, ಬಾಗಿಲಲ್ಲಿ ಪರಿಚಯದ ಹೆಜ್ಜೆ ಕೇಳಿದ ಹಾಗೆ. ನಾನೂ ಕಲಿತೆ. ಈಗ ನನಗೂ ಮೊದಲೇ ಗೊತ್ತಾಗುತ್ತದೆ.

ನಿನ್ನ ಗಂಟುಗಳು ಬಿಚ್ಚಿದ ಮೇಲೆ ಬಾ. ಎಣ್ಣೆ ಹಚ್ಚಿಸಿಕೊಳ್ಳಬೇಡ, ಬಿಸಿನೀರು ಸಾಕು. ಇಲ್ಲಿಗೆ ಬಂದು ಎಷ್ಟು ಬೇಕಾದರೂ ಮಾತಾಡು, ಅವ್ವನೇ ಹೇಳಿದ್ದಾಳೆ. ಅಪ್ಪ ಬರುವಾಗ ಮಾತ್ರ ಸುಮ್ಮನಿರು.

ನಿನ್ನ,
ಶೇವಂತಾ